ಎದೆಯೊಳಗಿನ ಗಂಟು: ಮೊದಲು ಹೆಸರು, ಆಮೇಲೆ ಮದ್ದು

ಸೊಲ್ಲಾಪುರ, ಅಕ್ಕಲಕೋಟೆ, ಹೋಟಗಿಯ ಸುತ್ತಣ ನಮ್ಮ ಕನ್ನಡ ಮನೆಗಳಲ್ಲಿ ಎದೆಯ ಬೇನೆ ಎಂದೊಡನೆ ಎರಡೇ ಹೆಸರುಗಳು ಕೇಳಿಬರುತ್ತವೆ. ವಯಸ್ಸಾದವರಾದರೆ ಹೃದಯದ ತೊಂದರೆ, ತರುಣರಾದರೆ ಕ್ಷಯ. ಕೆಮ್ಮು ಬಿಡದೆ, ಮೈ ಇಳಿದು, ಸಂಜೆಯ ಹೊತ್ತಿಗೆ ಜ್ವರ ಕಾಣಿಸಿಕೊಂಡು, ಎಕ್ಸ್-ರೇ ಚಿತ್ರದಲ್ಲಿ ಒಂದು ನೆರಳು ಬಿದ್ದಿತೆಂದರೆ ‘ಟಿ.ಬಿ. ಇದ್ದೀತು’ ಎಂದು ಮನೆಯವರೂ ನೆರೆಯವರೂ ನಿಶ್ಚಯಿಸಿಬಿಡುತ್ತಾರೆ. ನಮ್ಮ ದೇಶದಲ್ಲಿ ಕ್ಷಯವು ಅಷ್ಟು ಸಾಮಾನ್ಯವಾದ ರೋಗವಾದುದರಿಂದ ಈ ಊಹೆ ಅನೇಕ ಸಲ ನಿಜವಾಗುವುದೂ ಉಂಟು. ಆದರೆ ಅನೇಕ ಸಲ ನಿಜವಾಗುವ ಊಹೆಯೇ ಒಮ್ಮೊಮ್ಮೆ ಪ್ರಾಣಕ್ಕೆ ಎರವಾಗುತ್ತದೆ. ಎದೆಯೊಳಗೆ ಬೆಳೆದ ಗಡ್ಡೆಯನ್ನು ಕ್ಷಯವೆಂದು ತಿಳಿದು, ತಿಂಗಳುಗಟ್ಟಲೆ ಕ್ಷಯದ ಗುಳಿಗೆ ನುಂಗಿಸಿ, ಗುಣ ಕಾಣದಿದ್ದಾಗ ದೊಡ್ಡ ಆಸ್ಪತ್ರೆಯ ಹಾದಿ ಹಿಡಿದ ಪ್ರಸಂಗಗಳು ಭಾರತದ ವೈದ್ಯಸಾಹಿತ್ಯದಲ್ಲಿ ಮತ್ತೆ ಮತ್ತೆ ದಾಖಲಾಗಿವೆ.

ಈ ತಪ್ಪನ್ನು ತಡೆಯಬಲ್ಲ ಸಾಧನ ತೀರ ಸಣ್ಣದು: ಒಂದು ಸೂಜಿ. ಎದೆಯ ಗೋಡೆಯ ಮೂಲಕ ಅದನ್ನು ಗಂಟಿನವರೆಗೆ ಒಯ್ದು, ಅದರ ಕಣಗಳನ್ನೋ ಒಂದು ಎಳೆಯಷ್ಟು ತುಣುಕನ್ನೋ ಹೊರತಂದು ಸೂಕ್ಷ್ಮದರ್ಶಕದ ಅಡಿಯಲ್ಲಿ ನೋಡುವುದೇ ಸೂಜಿಯ ಬಯಾಪ್ಸಿ. ಈ ಸೂಜಿಯ ಬಗ್ಗೆ ನಮ್ಮ ಜನರಲ್ಲಿ ಒಂದು ಹಳೆಯ ಭಯವಿದೆ. ‘ಗಂಟಿಗೆ ಸೂಜಿ ತಾಗಿಸಬಾರದು, ತಾಗಿಸಿದರೆ ಕೆರಳಿ ಮೈಯೆಲ್ಲ ಹಬ್ಬುತ್ತದೆ’ ಎಂಬ ಮಾತು ಹಿರಿಯರ ಬಾಯಲ್ಲಿ ಇಂದಿಗೂ ಇದೆ. ಆ ಭಯದಲ್ಲಿ ಎಷ್ಟು ಹುರುಳಿದೆ, ಸೂಜಿ ಎಲ್ಲಿ ಬೇಕು, ಎಲ್ಲಿ ಬೇಡ ಎಂಬುದನ್ನು ಈ ತಿಂಗಳು ಓದುಗ ಬಂಧುಗಳ ಮುಂದೆ ಇಡಲು ಬಯಸುತ್ತೇವೆ.

ಮೊದಲು ಎದೆಯ ಒಳಗನ್ನು ಒಂದು ಮನೆಯೆಂದು ಭಾವಿಸೋಣ. ಎಡಕ್ಕೂ ಬಲಕ್ಕೂ ಶ್ವಾಸಕೋಶಗಳು ಎರಡು ದೊಡ್ಡ ಕೋಣೆಗಳಂತಿವೆ. ಅವುಗಳ ನಡುವೆ, ಎದೆಯ ಮೂಳೆಯಿಂದ ಬೆನ್ನುಮೂಳೆಯವರೆಗೆ ಇರುವ ಕಿರಿದಾದ ಜಾಗಕ್ಕೆ ವೈದ್ಯರು ಮೀಡಿಯಾಸ್ಟೈನಮ್ ಎನ್ನುತ್ತಾರೆ. ಅದರಲ್ಲಿ ಮೂರು ಅಂಕಣಗಳು. ಮುಂದೆ ಎದೆಮೂಳೆಯ ಬೆನ್ನಿಗೇ ಇರುವ ಪಡಸಾಲೆ. ಅಲ್ಲಿ ಥೈಮಸ್ ಎಂಬ ಗ್ರಂಥಿಯಿದೆ. ಬಾಲ್ಯದಲ್ಲಿ ದೊಡ್ಡದಾಗಿದ್ದು ಪ್ರಾಯ ಬಂದ ಮೇಲೆ ಸೊರಗುತ್ತ ಹೋಗುವ ಗ್ರಂಥಿ ಅದು. ನಡುಮನೆಯಲ್ಲಿ ಹೃದಯ, ಮಹಾರಕ್ತನಾಳಗಳು, ಶ್ವಾಸನಾಳ, ಅನ್ನನಾಳ ಹಾಗೂ ಹಾಲ್ರಸದ ಗ್ರಂಥಿಗಳು. ಹಿತ್ತಿಲಲ್ಲಿ, ಬೆನ್ನುಮೂಳೆಯ ಮಗ್ಗುಲಲ್ಲಿ, ನರಗಳ ಸಾಲು. ಗಂಟು ಯಾವ ಅಂಕಣದಲ್ಲಿದೆ ಎಂದು ತಿಳಿದರೆ ಅದು ಯಾರ ಮಗನೆಂದು ಅರ್ಧ ತಿಳಿದಂತೆಯೇ. ಪಡಸಾಲೆಯ ಗಂಟುಗಳು ಬಹುಮಟ್ಟಿಗೆ ಥೈಮಸ್ಸಿನಿಂದ, ಹಾಲ್ರಸ ಗ್ರಂಥಿಗಳಿಂದ, ಇಲ್ಲವೆ ಬೀಜಕೋಶಗಳಿಂದ ಹುಟ್ಟಿದವು. ಹಿತ್ತಿಲಿನವು ನರಗಳಿಂದ ಹುಟ್ಟಿದವು. ದೊಡ್ಡವರಲ್ಲಿ ಇವು ಹೆಚ್ಚಾಗಿ ಸೌಮ್ಯ ಗಡ್ಡೆಗಳೇ. ಇವೆಲ್ಲ ಒಟ್ಟಾರೆ ವಿರಳ ರೋಗಗಳು. ವಿರಳವಾದುದರಿಂದಲೇ ಸಣ್ಣ ಊರಿನ ವೈದ್ಯರಿಗೆ ಒಡನೆಯೇ ನೆನಪಿಗೆ ಬರುವುದಿಲ್ಲ.

ಅರ್ಧ ತಿಳಿದರೆ ಮಾತ್ರ ಸಾಲದು. ಸೊಲ್ಲಾಪುರದ ಮಗ್ಗದ ಕಾರಖಾನೆಯಲ್ಲಿ ದುಡಿಯುವ 28 ವರ್ಷದ ಒಬ್ಬ ತರುಣನನ್ನು ಊಹಿಸಿಕೊಳ್ಳಿ. ಎರಡು ತಿಂಗಳಿನಿಂದ ಕೆಮ್ಮು, ಮಲಗಿದರೆ ಉಸಿರು ಕಟ್ಟಿದಂತೆ, ಮುಖದಲ್ಲಿ ಬಾವು. ಸಿ.ಟಿ. ಸ್ಕ್ಯಾನಿನಲ್ಲಿ ಪಡಸಾಲೆಯ ಅಂಕಣದಲ್ಲಿ ಒಂದು ದೊಡ್ಡ ಗಂಟು. ಅದು ಥೈಮಸ್ಸಿನ ಗಡ್ಡೆ, ಅಂದರೆ ಥೈಮೋಮಾ, ಆಗಿದ್ದರೆ ಶಸ್ತ್ರಚಿಕಿತ್ಸೆಯೇ ಮುಖ್ಯ ಮಾರ್ಗ. ಲಿಂಫೋಮಾ ಎಂಬ ಹಾಲ್ರಸ ಗ್ರಂಥಿಯ ಅರ್ಬುದವಾಗಿದ್ದರೆ ಕತ್ತರಿಗೆ ಅಲ್ಲಿ ಕೆಲಸವೇ ಇಲ್ಲ. ಔಷಧಗಳಿಂದಲೇ ಅನೇಕರು ಪೂರ್ಣ ಗುಣ ಹೊಂದುತ್ತಾರೆ. ಬೀಜಕೋಶದ ಗಡ್ಡೆಯಾಗಿದ್ದರೆ ಮೊದಲು ಔಷಧ, ಆಮೇಲೆ ಉಳಿದುದನ್ನು ತೆಗೆಯುವ ಶಸ್ತ್ರಚಿಕಿತ್ಸೆ. ಕ್ಷಯದ ಗ್ರಂಥಿಗಳಾಗಿದ್ದರೆ ಸಾಮಾನ್ಯವಾಗಿ ಆರು ತಿಂಗಳ ಗುಳಿಗೆ ಸಾಕು. ನೆರಳು ಒಂದೇ, ದಾರಿ ನಾಲ್ಕು. ಹೋಟಗಿ ಜಂಕ್ಷನ್ನಿನಲ್ಲಿ ವಿಜಯಪುರದ ಕಡೆಯ ದಾರಿಯೂ ವಾಡಿಯ ಕಡೆಯ ದಾರಿಯೂ ಬೇರೆಯಾಗುವಲ್ಲಿ ಗಾಡಿ ಎಲ್ಲಿಗೆ ಹೋಗುತ್ತದೆಂದು ಕೇಳದೆ ಯಾರೂ ಹತ್ತುವುದಿಲ್ಲ. ಮೈಯ ವಿಷಯದಲ್ಲಿ ಮಾತ್ರ ನಾವು ಕೇಳದೆಯೇ ಹತ್ತಿಬಿಡುತ್ತೇವೆ.

ಸೂಜಿಯ ಈ ವಿದ್ಯೆ ಹೊಸದೇನಲ್ಲ. 1883ರಲ್ಲಿ ಜರ್ಮನಿಯ ಲೈಡನ್ ಎಂಬ ವೈದ್ಯನು ನ್ಯುಮೋನಿಯಾದ ಕ್ರಿಮಿಯನ್ನು ಹುಡುಕಲು ಶ್ವಾಸಕೋಶಕ್ಕೆ ಸೂಜಿ ಚುಚ್ಚಿದನು. 1886ರಲ್ಲಿ ಫ್ರಾನ್ಸಿನ ಮೆನೆಟ್ರಿಯೆ ಇದೇ ಮಾರ್ಗದಿಂದ ಶ್ವಾಸಕೋಶದ ಕ್ಯಾನ್ಸರನ್ನು ಗುರುತಿಸಿದನು. 1930ರಲ್ಲಿ ನ್ಯೂಯಾರ್ಕಿನ ಮೆಮೋರಿಯಲ್ ಆಸ್ಪತ್ರೆಯ ಮಾರ್ಟಿನ್ ಮತ್ತು ಎಲ್ಲಿಸ್ ಅವರು ಸೂಜಿಯಿಂದ ಗಡ್ಡೆಯ ಕಣಗಳನ್ನು ಹೀರಿ ತೆಗೆಯುವ ಕ್ರಮವನ್ನು ಪ್ರಕಟಿಸಿದರು. ಅನಂತರ ಸ್ವೀಡನ್ನಿನ ವೈದ್ಯರು ಸೂಜಿಯನ್ನು ಇನ್ನೂ ಸಣ್ಣದಾಗಿಸಿದರು. ಅಲ್ಲಿನ ಡಾಲ್‌ಗ್ರೆನ್ ಮತ್ತು ನೂರ್ಡೆನ್‌ಸ್ಟ್ರೋಮ್ ಎದೆಯ ಸೂಜಿ ಬಯಾಪ್ಸಿಯ ಮೇಲೆ 1966ರಲ್ಲಿ ಗ್ರಂಥವನ್ನೇ ಬರೆದರು. ಆದರೂ ಕೈಗೆ ಕಣ್ಣಿರಲಿಲ್ಲ. ಹೃದಯ, ರಕ್ತನಾಳಗಳ ಸಂದಿಯಲ್ಲಿ ಸೂಜಿ ಎಲ್ಲಿಗೆ ಹೋಯಿತೆಂದು ನೋಡುವುದು ಕಷ್ಟವಾಗಿತ್ತು. ಆ ಕಣ್ಣನ್ನು ಕೊಟ್ಟದ್ದು ಸಿ.ಟಿ. ಸ್ಕ್ಯಾನ್. 1971ರಲ್ಲಿ ಲಂಡನ್ನಿನಲ್ಲಿ ಹೌನ್ಸ್‌ಫೀಲ್ಡನ ಯಂತ್ರವು ಮೊದಲ ರೋಗಿಯನ್ನು ನೋಡಿತು. 1979ರಲ್ಲಿ ಅವನಿಗೂ ಕಾರ್ಮ್ಯಾಕನಿಗೂ ನೊಬೆಲ್ ಪಾರಿತೋಷಕ ದೊರೆಯಿತು. 1976ರ ಹೊತ್ತಿಗೇ ಅಮೆರಿಕದ ಹಾಗಾ ಮತ್ತು ಆಲ್ಫಿಡಿ ಅವರು ಆ ಯಂತ್ರದ ಚಿತ್ರವನ್ನು ನೋಡುತ್ತ ಸೂಜಿ ನಡೆಸುವುದನ್ನು ವರದಿ ಮಾಡಿದ್ದರು. ಇಂದು ಜಿಲ್ಲಾಕೇಂದ್ರದ ದೊಡ್ಡ ದವಾಖಾನೆಗಳಲ್ಲೂ ನಡೆಯುವ ಪರೀಕ್ಷೆಗೆ ಇಷ್ಟು ದೀರ್ಘವಾದ ಸಾಧನೆಯ ಹಿನ್ನೆಲೆಯಿದೆ.

ಈಗ ಪರೀಕ್ಷೆ ಹೇಗೆ ನಡೆಯುತ್ತದೆಂದು ನೋಡೋಣ. ರೋಗಿಯನ್ನು ಸ್ಕ್ಯಾನಿನ ಮೇಜಿನ ಮೇಲೆ ಮಲಗಿಸಿ, ಚಿತ್ರ ತೆಗೆದು, ಚರ್ಮದ ಮೇಲೆ ಗುರುತು ಹಾಕುತ್ತಾರೆ. ಆ ಜಾಗವು ಮರಗಟ್ಟುವಂತೆ ಇಂಜೆಕ್ಷನ್ ಕೊಡುತ್ತಾರೆ. ಪೂರ್ತಿ ಮೂರ್ಛೆ ಬರಿಸುವ ಅಗತ್ಯ ಸಾಮಾನ್ಯವಾಗಿ ಇಲ್ಲ. ಸೂಜಿ ಒಳಹೋಗುವಾಗ ಉಸಿರು ಹಿಡಿಯಲು ಹೇಳುತ್ತಾರೆ. ಆ ಕೆಲವು ಕ್ಷಣ ಅಲುಗಾಡದಿರುವುದು, ಕೆಮ್ಮದಿರುವುದು ರೋಗಿಯ ಪಾಲಿನ ಕೆಲಸ. ಕೈಯಿಂದ ಮುಟ್ಟಿ ನೋಡಬಹುದಾದ ಇಲ್ಲವೆ ಎದೆಗೋಡೆಗೆ ಅಂಟಿದ ಗಂಟಾದರೆ ಸೋನೋಗ್ರಫಿಯ ಸಹಾಯದಿಂದಲೂ ಮಾಡುತ್ತಾರೆ. ನಡುಮನೆಯ ಗ್ರಂಥಿಗಳಾದರೆ ಶ್ವಾಸನಾಳದೊಳಗೆ ಇಳಿಸಿದ ದೂರ್ಬೀನಿನ ಮೂಲಕ ಸೂಜಿ ಹಾಯಿಸುವ ವಿಧಾನವೂ ಈಗ ದೊಡ್ಡ ಆಸ್ಪತ್ರೆಗಳಲ್ಲಿದೆ.

ಸೂಜಿಗಳಲ್ಲಿ ಎರಡು ಬಗೆ. ಇವುಗಳ ಭೇದವನ್ನು ಪ್ರತಿಯೊಂದು ಮನೆಯವರೂ ತಿಳಿದಿರುವುದು ಒಳ್ಳೆಯದು. ನಮ್ಮ ಪೇಟೆಯಲ್ಲಿ ಮಾಲದಂಡಿ ಜೋಳದ ಚೀಲಕ್ಕೆ ಟೊಳ್ಳು ಮೊನೆಯನ್ನು ಚುಚ್ಚಿ, ಒಂದು ಹಿಡಿ ಕಾಳು ಹೊರತೆಗೆದು, ಅದನ್ನು ನೋಡಿ ಇಡೀ ಚೀಲದ ಗುಣ ಹೇಳುವುದನ್ನು ಎಲ್ಲರೂ ಕಂಡಿದ್ದೇವೆ. ಸಣ್ಣ ಸೂಜಿಯ ಪರೀಕ್ಷೆ, ಅಂದರೆ ಎಫ್.ಎನ್.ಎ.ಸಿ., ಇದೇ ರೀತಿಯದು. ಸುಮಾರು 0.7 ಮಿಲಿಮೀಟರ್ ದಪ್ಪದ ಸೂಜಿಯಿಂದ ಬಿಡಿ ಕಣಗಳು ಬರುತ್ತವೆ. ಅವನ್ನು ಗಾಜಿನ ಮೇಲೆ ಸವರಿ ಬಣ್ಣ ಹಾಕಿ ನೋಡುತ್ತಾರೆ. ಇನ್ನೊಂದು ಕೋರ್ ಬಯಾಪ್ಸಿ. ಸುಮಾರು 1.2 ಮಿಲಿಮೀಟರ್ ದಪ್ಪದ ಆ ಸೂಜಿಯು ದಾರದ ಎಳೆಯಂಥ ಒಂದು ತುಣುಕನ್ನು ಕತ್ತರಿಸಿ ತರುತ್ತದೆ. ಕಾಳು ಉದುರಿ ಬಂದದ್ದು ಒಂದು, ತೆನೆಯ ತುಂಡೇ ಬಂದದ್ದು ಇನ್ನೊಂದು. ಕಾಳು ನೋಡಿ ಜೋಳವೆಂದು ಹೇಳಬಹುದು. ತೆನೆಯ ಕಟ್ಟು ಹೇಗಿತ್ತೆಂದು ಹೇಳಲು ತೆನೆಯೇ ಬೇಕು. ಕ್ಷಯವನ್ನೋ, ಬೇರೆ ಕಡೆಯಿಂದ ಹರಡಿ ಬಂದ ಕ್ಯಾನ್ಸರನ್ನೋ ಗುರುತಿಸಲು ಅನೇಕ ಸಲ ಬಿಡಿ ಕಣಗಳೇ ಸಾಕು. ಲಿಂಫೋಮಾದಂಥ ರೋಗದ ಜಾತಿಯನ್ನು ಹೇಳಲು, ಥೈಮಸ್ಸಿನ ಗಡ್ಡೆಯ ಬಗೆಯನ್ನು ನಿರ್ಧರಿಸಲು, ಕಣಗಳ ಜೋಡಣೆ ಕಾಣುವ ತುಣುಕು ಬೇಕಾಗುತ್ತದೆ. ಆ ತುಣುಕನ್ನು ಮೇಣದ ಅಚ್ಚಿನಲ್ಲಿ ಕೂಡಿಸಿ, ತೆಳುವಾದ ಪದರಗಳಾಗಿ ಕೊಯ್ದು, ಇಮ್ಯುನೊ-ಹಿಸ್ಟೊಕೆಮಿಸ್ಟ್ರಿ ಎಂಬ ಬಣ್ಣದ ಪರೀಕ್ಷೆಗಳಿಂದ ಅದರ ಕುಲಗೋತ್ರವನ್ನು ಕಂಡುಹಿಡಿಯುತ್ತಾರೆ. ಆದಕಾರಣ ‘ಒಮ್ಮೆ ಸೂಜಿ ಹಾಕಿದ್ದಾಯಿತಲ್ಲ, ಮತ್ತೇಕೆ ದಪ್ಪ ಸೂಜಿ?’ ಎಂದು ವೈದ್ಯರ ಮೇಲೆ ಮುನಿಯಬಾರದು.

ವಿರಳ ಗಡ್ಡೆಗಳ ವಿಚಿತ್ರಕ್ಕೆ ಒಂದು ಉದಾಹರಣೆ ಕೊಡುತ್ತೇವೆ. ಶ್ವಾಸಕೋಶವನ್ನು ಸುತ್ತಿದ ಪೊರೆಯಿಂದ ಹುಟ್ಟುವ ಒಂಟಿ ನಾರುಗಡ್ಡೆ ಎಂಬುದೊಂದಿದೆ. 1931ರಲ್ಲಿ ಕ್ಲೆಂಪರರ್ ಮತ್ತು ರಾಬಿನ್ ಎಂಬ ರೋಗಶಾಸ್ತ್ರಜ್ಞರು ಇದನ್ನು ಬೇರೆಯಾಗಿ ವರ್ಣಿಸಿದರು. ಇದು ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯಬಹುದು. ಕೆಲವರಲ್ಲಿ ಈ ಗಡ್ಡೆಯು ಇನ್ಸುಲಿನ್ನನ್ನು ಹೋಲುವ ದ್ರವ್ಯವನ್ನು ಸ್ರವಿಸಿ ರಕ್ತದ ಸಕ್ಕರೆಯನ್ನು ಇಳಿಸುತ್ತದೆ. ರೋಗಿ ಬೆವರಿ, ತಲೆತಿರುಗಿ, ಎಚ್ಚರತಪ್ಪಿ ಬೀಳುತ್ತಾನೆ. ಎದೆಯ ಗಂಟಿಗೂ ಆ ಮೂರ್ಛೆಗೂ ಸಂಬಂಧವಿದೆಯೆಂದು ಯಾರಿಗೆ ಹೊಳೆಯಬೇಕು? ಇಂಥ ಗಡ್ಡೆಯಿಂದ ಸಣ್ಣ ಸೂಜಿಗೆ ಕಣಗಳು ಬರುವುದು ಕಡಿಮೆ. ಕೋರ್ ತುಣುಕಿನ ಮೇಲೆ ಸ್ಟ್ಯಾಟ್-6 ಎಂಬ ಪರೀಕ್ಷೆ ಮಾಡಿದರೆ ಈಗ ಬಹುಮಟ್ಟಿಗೆ ಖಚಿತವಾಗಿ ಹೆಸರು ಹೇಳಬಹುದು; ಈ ಗಡ್ಡೆಯ ಹಿಂದಿರುವ ಆನುವಂಶಿಕ ಬದಲಾವಣೆ 2013ರಲ್ಲಿ ಪತ್ತೆಯಾದ ಮೇಲೆ ದೊರೆತ ಅನುಕೂಲವಿದು.

ಇಷ್ಟು ಹೇಳಿದೆವೆಂದು ಕಂಡ ಗಂಟಿಗೆಲ್ಲ ಸೂಜಿ ಹಾಕಿಸಬೇಕೆಂದು ಅರ್ಥವಲ್ಲ. ಮೂರು ಪ್ರಸಂಗಗಳಲ್ಲಿ ವೈದ್ಯರು ಸೂಜಿಯನ್ನು ತಡೆಹಿಡಿಯುತ್ತಾರೆ. ಮೊದಲನೆಯದು, ಥೈಮೋಮಾ ಎಂದು ಬಲವಾದ ಅನುಮಾನವಿದ್ದು, ಸ್ಕ್ಯಾನಿನಲ್ಲಿ ಅದು ತನ್ನ ಪೊರೆಯೊಳಗೇ ಇರುವಂತೆ ಕಂಡು, ಇಡಿಯಾಗಿ ತೆಗೆಯಲು ಸಾಧ್ಯವಿದ್ದರೆ, ಪೊರೆಯನ್ನು ಚುಚ್ಚದೆ ನೇರವಾಗಿ ಶಸ್ತ್ರಚಿಕಿತ್ಸೆಗೇ ಒಯ್ಯುವುದು ರೂಢಿ. ಇಂಥವರಲ್ಲಿ ಕೆಲವರಿಗೆ ಸಂಜೆಯಾದಂತೆ ಕಣ್ಣಿನ ರೆಪ್ಪೆ ಜೋಲುವುದು, ಮಾತು ತೊದಲುವುದು, ನುಂಗಲು ಕಷ್ಟವಾಗುವುದು ಉಂಟು. ಇದು ಮಯಸ್ಥೀನಿಯಾ ಗ್ರಾವಿಸ್ ಎಂಬ ಸ್ನಾಯುದೌರ್ಬಲ್ಯ. ಥೈಮೋಮಾ ಇದ್ದವರಲ್ಲಿ ಸುಮಾರು ಮೂರರಲ್ಲೊಬ್ಬರಿಗೆ ಇದು ಕಾಣುತ್ತದೆ. 1936ರಲ್ಲಿ ಅಮೆರಿಕದ ಬ್ಲೇಲಾಕ್ ಎಂಬ ಶಸ್ತ್ರವೈದ್ಯನು ಇಂಥ ರೋಗದಿಂದ ಬಳಲುತ್ತಿದ್ದ ತರುಣಿಯ ಥೈಮಸ್ ಗಡ್ಡೆಯನ್ನು ತೆಗೆದ ಮೇಲೆ ಅವಳು ಚೇತರಿಸಿಕೊಂಡಳೆಂಬುದು ವೈದ್ಯಚರಿತ್ರೆಯ ಪ್ರಸಿದ್ಧ ಘಟನೆ.

ಎರಡನೆಯದು, ಹೈಡಾಟಿಡ್ ಎಂಬ ನೀರುಚೀಲ. ಕುರಿ ಮತ್ತು ನಾಯಿಗಳ ನಡುವೆ ಸುತ್ತುವ ಒಂದು ಹುಳುವಿನಿಂದ ಬರುವ ರೋಗವಿದು. ಕುರಿಯ ಹಸಿ ಪಿತ್ತಜನಕಾಂಗ, ಶ್ವಾಸಕೋಶಗಳನ್ನು ತಿಂದ ನಾಯಿಯ ಹೊಲಸಿನಿಂದ ಅದರ ಮೊಟ್ಟೆ ಮನುಷ್ಯನ ಹೊಟ್ಟೆ ಸೇರಿ, ಪಿತ್ತಜನಕಾಂಗದಲ್ಲೋ ಶ್ವಾಸಕೋಶದಲ್ಲೋ ಚೀಲವಾಗಿ ಬೆಳೆಯುತ್ತದೆ. ಶ್ವಾಸಕೋಶದ ಇಂಥ ಚೀಲಕ್ಕೆ ಅರಿಯದೆ ಸೂಜಿ ಚುಚ್ಚಿದರೆ ಒಳಗಿನ ನೀರು ಸೋರಿ ಒಮ್ಮೆಲೇ ಪ್ರಾಣಾಪಾಯದ ಅಲರ್ಜಿ ಉಂಟಾಗಬಹುದು, ರೋಗವೂ ಹರಡಬಹುದು. ಕುರಿಯ ಹಿಂಡೂ ನಾಯಿಯೂ ಬಾಗಿಲಲ್ಲಿರುವ ನಮ್ಮ ಸೀಮೆಯ ಮನೆಯವರು ಈ ಸಂಗತಿಯನ್ನು ವೈದ್ಯರು ಕೇಳದಿದ್ದರೂ ಹೇಳಬೇಕು. ಮೂರನೆಯದು, ಗಂಟಿನಂತೆ ಕಂಡದ್ದು ಉಬ್ಬಿದ ರಕ್ತನಾಳವಾಗಿರುವುದು. ಇದಕ್ಕಾಗಿಯೇ ಬಣ್ಣದ ಔಷಧ ಕೊಟ್ಟು ತೆಗೆದ ಸ್ಕ್ಯಾನ್ ಮೊದಲು, ಸೂಜಿ ಆಮೇಲೆ.

ತರುಣರ ಎದೆಯ ಮುಂಭಾಗದ ಗಂಟಿಗೆ ಸೂಜಿಗಿಂತ ಮುಂಚೆ ಎ.ಎಫ್.ಪಿ., ಬೀಟಾ ಎಚ್.ಸಿ.ಜಿ. ಎಂಬ ರಕ್ತಪರೀಕ್ಷೆಗಳನ್ನು ಮಾಡಿಸುತ್ತಾರೆ. ಬೀಜಕೋಶದ ಗಡ್ಡೆಗಳು ಈ ದ್ರವ್ಯಗಳನ್ನು ರಕ್ತಕ್ಕೆ ಬಿಡುವುದುಂಟು. ಇನ್ನೊಂದು ಎಚ್ಚರ: ಉಸಿರಾಟದ ತೊಂದರೆಯೆಂದು ಊರಿನಲ್ಲೇ ಸ್ಟಿರಾಯ್ಡ್ ಗುಳಿಗೆ ನುಂಗಿದರೆ ಲಿಂಫೋಮಾದ ಗಂಟು ಕೆಲವು ದಿನಗಳಲ್ಲೇ ಕರಗಿದಂತಾಗಿ, ಆಮೇಲೆ ತೆಗೆದ ತುಣುಕಿನಲ್ಲಿ ರೋಗದ ಗುರುತೇ ಸಿಗದೆ ಹೋಗಬಹುದು. ಗುಣವಾಯಿತೆಂಬ ಭ್ರಮೆ ಕಳೆಯುವ ಹೊತ್ತಿಗೆ ರೋಗ ಮರಳಿರುತ್ತದೆ.

ಈಗ ಆ ಹಳೆಯ ಭಯದ ಮಾತಿಗೆ ಬರೋಣ. ಸೂಜಿಯ ಹಾದಿಯಲ್ಲಿ ಕ್ಯಾನ್ಸರ್ ಹರಡುವುದು ಸುಳ್ಳೇನೂ ಅಲ್ಲ. ಆದರೆ ಶ್ವಾಸಕೋಶದ ಗಡ್ಡೆಗಳಲ್ಲಿ ಅದು ಸಾವಿರಕ್ಕೆ ಒಂದಕ್ಕಿಂತಲೂ ಕಡಿಮೆ. ಮೀಸೋಥೀಲಿಯೋಮಾ ಎಂಬ ಪೊರೆಯ ಕ್ಯಾನ್ಸರಿನಲ್ಲಿ ಮಾತ್ರ ಈ ಸಾಧ್ಯತೆ ಹೆಚ್ಚು. ನಿಜವಾಗಿ ಎದುರಾಗುವ ತೊಂದರೆ ಬೇರೆ. ಸೂಜಿಯು ಶ್ವಾಸಕೋಶವನ್ನು ದಾಟಿ ಹೋದರೆ ಎದೆಗೂಡಿನಲ್ಲಿ ಗಾಳಿ ತುಂಬಿಕೊಳ್ಳಬಹುದು. ನಾಲ್ಕೈದು ಜನರಲ್ಲಿ ಒಬ್ಬರಿಗೆ ಇದು ಸ್ವಲ್ಪಮಟ್ಟಿಗೆ ಕಾಣುತ್ತದೆ. ಬಹುತೇಕ ತಾನಾಗಿಯೇ ಹೀರಿಹೋಗುತ್ತದೆ. ನೂರರಲ್ಲಿ ಐದಾರು ಮಂದಿಗೆ ನಳಿಗೆ ಹಾಕಿ ಗಾಳಿ ತೆಗೆಯಬೇಕಾಗುತ್ತದೆ. ಕಫದಲ್ಲಿ ತುಸು ರಕ್ತ ಬರುವುದೂ ಉಂಟು. ಆದುದರಿಂದಲೇ ಪರೀಕ್ಷೆಯ ಬಳಿಕ ಕೆಲವು ತಾಸು ಮಲಗಿಸಿ, ಮತ್ತೆ ಎಕ್ಸ್-ರೇ ತೆಗೆದು, ಆಮೇಲೆ ಮನೆಗೆ ಕಳಿಸುತ್ತಾರೆ. ರಕ್ತ ತೆಳುವಾಗಿಸುವ ಗುಳಿಗೆಗಳನ್ನು ತೆಗೆದುಕೊಳ್ಳುವವರು ಮೊದಲೇ ತಿಳಿಸಬೇಕು. ಮನೆಗೆ ಬಂದ ಮೇಲೆ ಒಮ್ಮೆಲೇ ಉಸಿರು ಕಟ್ಟಿದರೆ, ಎದೆ ಚುಚ್ಚಿದರೆ, ಕೆಮ್ಮಿನಲ್ಲಿ ಹೆಚ್ಚು ರಕ್ತ ಬಂದರೆ ಬೆಳಗಾಗುವವರೆಗೆ ಕಾಯದೆ ದವಾಖಾನೆಗೆ ಹಿಂದಿರುಗಬೇಕು.

ವರದಿಯನ್ನು ಓದುವಲ್ಲಿಯೂ ವಿವೇಕ ಬೇಕು. ‘ಏನೂ ಸಿಗಲಿಲ್ಲ’ ಎಂದರೆ ‘ಏನೂ ಇಲ್ಲ’ ಎಂದಲ್ಲ. ಸೂಜಿಯು ಗಡ್ಡೆಯ ಸತ್ತ ಭಾಗಕ್ಕೆ ಹೋಗಿರಬಹುದು, ಕಣಗಳು ಸಾಲದೆ ಇರಬಹುದು. ವರದಿಯೂ ಸ್ಕ್ಯಾನೂ ರೋಗಿಯ ಲಕ್ಷಣಗಳೂ ಒಂದಕ್ಕೊಂದು ಹೊಂದದಿದ್ದರೆ ಮತ್ತೊಮ್ಮೆ ಪರೀಕ್ಷೆ ಅವಶ್ಯ. ಕ್ಷಯದ ಅನುಮಾನವಿದ್ದರೆ ಅದೇ ಸೂಜಿಯಿಂದ ಬಂದ ದ್ರವ್ಯದಲ್ಲಿ ಕ್ಷಯದ ಕ್ರಿಮಿಯ ಪರೀಕ್ಷೆಯನ್ನೂ ಮಾಡಿಸಬಹುದು. ಒಂದೇ ಚುಚ್ಚಿನಲ್ಲಿ ಎರಡು ಪ್ರಶ್ನೆಗೆ ಉತ್ತರ ದೊರೆಯುತ್ತದೆ.

ಗಡಿಯಾಚೆಯ ಕನ್ನಡಿಗರಾದ ನಮಗೆ ಇನ್ನೊಂದು ತೊಡಕಿದೆ. ಮನೆಯ ಮಾತು ಕನ್ನಡ, ದವಾಖಾನೆಯ ಮಾತು ಮರಾಠಿ, ವರದಿಯ ಮಾತು ಇಂಗ್ಲಿಷ್. ‘ಗಾಠ’ ಎಂದದ್ದು ನಮ್ಮ ತಾಯಂದಿರಿಗೆ ಗಂಟೆಂದು ತಿಳಿದೀತು. ಆದರೆ ‘ತುಕಡಾ ತಪಾಸಣೆ’ ಎಂದರೆ ಎದೆಯನ್ನೇ ಸೀಳುತ್ತಾರೆಂದು ಬೆದರಿ ಮನೆಗೆ ಮರಳುವವರೂ ಇರಬಹುದು. ಒಪ್ಪಿಗೆಯ ಕಾಗದಕ್ಕೆ ಹೆಬ್ಬೆಟ್ಟು ಒತ್ತುವ ಮೊದಲು ಅದನ್ನು ಓದಿ ಹೇಳಿಸಿಕೊಳ್ಳುವುದು ರೋಗಿಯ ಹಕ್ಕು. ಎರಡೂ ಭಾಷೆ ಬಲ್ಲ ಮಗನನ್ನೋ ಸೊಸೆಯನ್ನೋ ಜೊತೆಗೆ ಒಯ್ಯಿರಿ. ನಾಲ್ಕು ಮಾತು ಕೇಳಿರಿ: ಗಂಟು ಯಾವ ಜಾಗದಲ್ಲಿದೆ? ಸಣ್ಣ ಸೂಜಿಯೋ ಕೋರ್ ಸೂಜಿಯೋ? ಸೂಜಿ ಬೇಡವೆನ್ನುವುದಾದರೆ ಏಕೆ? ಉತ್ತರ ಸಿಗದಿದ್ದರೆ ಮುಂದೇನು?

ನಮ್ಮ ಜನ ಸೊಲ್ಲಾಪುರದ ಸರಕಾರಿ ಆಸ್ಪತ್ರೆಗೆ ಹೋಗುತ್ತಾರೆ, ಬಾರ್ಶಿಗೆ ಹೋಗುತ್ತಾರೆ, 1941ರಲ್ಲಿ ತೆರೆದ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಗೆ ಹೋಗುತ್ತಾರೆ. ಬಂಧುಗಳಿರುವ ಕಡೆಯೆಂದು ವಿಜಯಪುರ, ಕಲಬುರಗಿಗೂ, 1973ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೂ ಹೋಗುತ್ತಾರೆ. ಎಲ್ಲಿಗೆ ಹೋದರೂ ಬರಿಯ ವರದಿಯ ಕಾಗದ ಸಾಲದು. ಗಾಜಿನ ಸ್ಲೈಡುಗಳನ್ನೂ ಮೇಣದ ಬ್ಲಾಕನ್ನೂ ಕೇಳಿ ಪಡೆದು ಜೊತೆಗೆ ಒಯ್ಯಬೇಕು. ವಿರಳ ಗಡ್ಡೆಗಳನ್ನು ಅನೇಕ ಸಲ ಎರಡನೆಯ ಕಣ್ಣು ನೋಡಬೇಕಾಗುತ್ತದೆ. ಬ್ಲಾಕ್ ಕೈಯಲ್ಲಿದ್ದರೆ ಎದೆಗೆ ಮತ್ತೊಮ್ಮೆ ಸೂಜಿ ಹಾಕುವುದು ತಪ್ಪಬಹುದು. ಬ್ಲಾಕನ್ನು ಬಿಸಿಲಿನಲ್ಲಿ ಇಡಬೇಡಿ, ಅದು ಮೇಣ. ಖರ್ಚಿನ ಮಾತಿಗೆ ಬಂದರೆ, ಮಹಾರಾಷ್ಟ್ರದಲ್ಲಿ 2012ರ ಜುಲೈ 2ರಂದು ಮೊದಲು 8 ಜಿಲ್ಲೆಗಳಲ್ಲಿ ಆರಂಭವಾದ ಜೀವನದಾಯಿ ಯೋಜನೆಯಲ್ಲಿ ಸೊಲ್ಲಾಪುರವೂ ಒಂದಾಗಿತ್ತು. 2017ರಿಂದ ಅದರ ಹೆಸರು ಮಹಾತ್ಮಾ ಜ್ಯೋತಿರಾವ ಫುಲೆ ಜನ ಆರೋಗ್ಯ ಯೋಜನೆ. ರೇಶನ್ ಕಾರ್ಡು ಹಿಡಿದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕಂಡು, ಯಾವುದಕ್ಕೆ ಯೋಜನೆ ಒದಗುತ್ತದೆ, ಯಾವುದಕ್ಕೆ ಒದಗದು ಎಂದು ಮೊದಲೇ ಕೇಳಿಕೊಳ್ಳುವುದು ಲೇಸು.

ಭಯ ಕಳೆದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಜಿಲ್ಲೆಯಲ್ಲೇ ಸಾಕ್ಷಿಯುಂಟು. 1987ರಲ್ಲಿ ಬಾರ್ಶಿಯಲ್ಲಿ ಭಾರತದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ ಕೇಂದ್ರ ಆರಂಭವಾಯಿತು. ಬಾರ್ಶಿ, ಪರಾಂಡಾ, ಭೂಮ ತಾಲೂಕುಗಳ ಹಳ್ಳಿಗಳಿಗೆ ಅದರ ಕಾರ್ಯಕರ್ತರು ಹೋಗಿ, ರೋಗದ ಲಕ್ಷಣಗಳನ್ನು ಜನರ ಮಾತಿನಲ್ಲೇ ತಿಳಿಸಿ, ಪರೀಕ್ಷೆಗೆ ಬರುವಂತೆ ಮನವೊಲಿಸಿದರು. ಕೆಲವೇ ವರ್ಷಗಳಲ್ಲಿ ಗರ್ಭಕೋಶದ ಕೊರಳಿನ ಕ್ಯಾನ್ಸರ್ ಇದ್ದ ಹೆಂಗಸರು ಮೊದಲಿಗಿಂತ ಮುಂಚಿನ ಹಂತದಲ್ಲೇ ಆಸ್ಪತ್ರೆಗೆ ಬರತೊಡಗಿದರು. ಬದಲಾದದ್ದು ಯಂತ್ರವಲ್ಲ, ತಿಳಿವಳಿಕೆ. ಎದೆಯ ಗಂಟಿನ ವಿಷಯದಲ್ಲೂ ಇದೇ ಆಗಬೇಕು.

ಆದುದರಿಂದ ನಮ್ಮ ಬಿನ್ನಹ ಇಷ್ಟೆ. ಎರಡು ವಾರ ಮೀರಿದ ಕೆಮ್ಮನ್ನು ಮುಚ್ಚಿಡಬೇಡಿ. ಎಕ್ಸ್-ರೇಯಲ್ಲಿ ನೆರಳು ಕಂಡರೆ ಅದು ಏನೆಂದು ಕೇಳಿರಿ. ಕ್ಷಯದ ಗುಳಿಗೆ ಆರಂಭಿಸಿದ್ದರೆ ತಾವಾಗಿಯೇ ನಿಲ್ಲಿಸಬೇಡಿ. ಆದರೆ ಎರಡು ತಿಂಗಳಾದರೂ ಮೈ ಹತ್ತದಿದ್ದರೆ, ನೆರಳು ಕರಗದಿದ್ದರೆ, ವೈದ್ಯರನ್ನು ಕಂಡು ತುಣುಕಿನ ಪರೀಕ್ಷೆಯ ಮಾತೆತ್ತಿರಿ. ಹೆಣ್ಣುಮಕ್ಕಳ ಉಸಿರುಗಟ್ಟುವಿಕೆಯನ್ನು ‘ಕೆಲಸದ ದಣಿವು’ ಎಂದು ತಳ್ಳಿಹಾಕಬೇಡಿ. ರೋಗದ ಹೆಸರು ಗೊತ್ತಾಗುವುದಕ್ಕೆ ಹೆದರುವುದು ಸಹಜ. ಆದರೆ ಹೆಸರು ತಿಳಿಯದಿದ್ದ ಮಾತ್ರಕ್ಕೆ ರೋಗವು ಕಾಯುತ್ತ ಕೂಡುವುದಿಲ್ಲ. ಹೆಸರು ತಿಳಿದ ಅನೇಕ ಗಂಟುಗಳಿಗೆ ಇಂದು ಒಳ್ಳೆಯ ಮದ್ದಿದೆ. ಎಲ್ಲ ಓದುಗ ಮನೆಗಳಿಗೂ ಆರೋಗ್ಯಭಾಗ್ಯವನ್ನು ಹಾರೈಸುತ್ತೇವೆ.